ಜೆಸಿಂತಾ ಸಿಸ್ಟರ್ ಕೇಳಿದ ಒಂದು ಗಂಟೆ

ಕಡಲ ದಂಡೆಯ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಜೆಸಿಂತಾ ಎಂಬ ಹಿರಿಯ ನರ್ಸ್ ಇದ್ದರು. ಇಪ್ಪತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲೇ ಕೆಲಸ ಮಾಡಿದವರು. ಎಂಥ ಗಾಯ ಕಂಡರೂ ಕೈ ನಡುಗುತ್ತಿರಲಿಲ್ಲ. ದೊಡ್ಡ ಡಾಕ್ಟರು ಗದರಿದರೂ ಅಂಜುತ್ತಿರಲಿಲ್ಲ. ಆದರೆ ಚಿತ್ರ, ಕಲೆ ಎಂಬ ಮಾತು ಬಂದರೆ ಮಾತ್ರ, "ಅದೆಲ್ಲ ನನಗೆ ತಿಳಿಯುವುದಿಲ್ಲ" ಎಂದು ಹಿಂದೆ ಸರಿಯುತ್ತಿದ್ದರು.

ಆಸ್ಪತ್ರೆಗೆ ಹೊಸ ಕಟ್ಟಡವಾಯಿತು. ಥಿಯೇಟರಿನ ಹೊರಗೆ ರೋಗಿಗಳ ಮನೆಯವರು ಕಾಯಲು ಒಂದು ದೊಡ್ಡ ಹಾಲ್. ಅದರ ಗೋಡೆಗೆ ಈ ಕಾಲದ ಕಲಾವಿದರ ಕೃತಿಯೊಂದನ್ನು ಹಾಕಬೇಕೆಂದು ಮುಖ್ಯ ವೈದ್ಯ ಬಲ್ಲಾಳರಿಗೆ ಆಸೆ. ನಗರದ ಗ್ಯಾಲರಿಯಲ್ಲಿ ಪ್ರದರ್ಶನ ನಡೆಯುತ್ತಿತ್ತು. ಕಟ್ಟಡದ ಎಂಜಿನಿಯರ್ ಮಲ್ಯರನ್ನೂ ಜೆಸಿಂತಾರನ್ನೂ ಕರೆದುಕೊಂಡು ಅವರು ಹೊರಟರು.

"ನಾನು ಯಾಕೆ ಡಾಕ್ಟ್ರೇ?"

"ದಿನಾ ಆ ಹಾಲಿನಲ್ಲಿ ಓಡಾಡುವವರು ನೀವಲ್ಲವಾ ಸಿಸ್ಟರ್. ಬಂದು ನೋಡಿ ಸಾಕು."

ಗ್ಯಾಲರಿಯೊಳಗೆ ಬಿಳಿ ಗೋಡೆ, ಬಿಳಿ ದೀಪ. ಒಂದು ಮೂಲೆಯಲ್ಲಿ ಕೆಂಪು ಬಣ್ಣ ಬಳಿದ ಟೈರುಗಳ ರಾಶಿ. ಒಂದು ಟೀವಿಯಲ್ಲಿ ಮುಚ್ಚಿದ ಬಾಗಿಲೊಂದೇ ಕಾಣುತ್ತಿತ್ತು. ಬಲ್ಲಾಳರು ಎಲ್ಲವನ್ನೂ ದಾಟಿ ಒಂದು ಬಿಳಿ ಬಟ್ಟೆಯ ಮುಂದೆ ನಿಂತರು. ಗೋಡೆಯಷ್ಟು ಅಗಲದ ಬಟ್ಟೆ. ಅದರ ತುಂಬ ಬೂದಿಬಣ್ಣದ ದಾರದಲ್ಲಿ ಹೊಲಿದ ನೂರಾರು ಗೆರೆಗಳು. ಪಕ್ಕದಲ್ಲಿ ಅದನ್ನು ಹೊಲಿದ ಹುಡುಗಿ ಶಮಿತಾ ಬಂಗೇರ ನಿಂತಿದ್ದಳು. ಎರಡು ವರ್ಷ ಕೂತು ಹೊಲಿದಿದ್ದಳು. ಅವಳ ಮೊದಲ ದೊಡ್ಡ ಕೆಲಸ. ಬಲ್ಲಾಳರು ಹಿಂದಿನ ವಾರವೇ ನೋಡಿ ಮೆಚ್ಚಿಕೊಂಡಿದ್ದರು.

ಮಲ್ಯರು ಬಟ್ಟೆಯನ್ನು ನೋಡುವ ಮೊದಲೇ ಪಕ್ಕದ ಚೀಟಿ ಓದಿದರು. "ಕಾಲ ಮತ್ತು ಅವಕಾಶದ ಸಂವಾದ. ಬಹಳ ಆಳವಾಗಿದೆ. ನಮ್ಮ ಸೋಫಾದ ಬಣ್ಣಕ್ಕೂ ಒಪ್ಪುತ್ತದೆ."

ಮೂವರೂ ಜೆಸಿಂತಾರತ್ತ ತಿರುಗಿದರು. ಅವರು ತಲೆಯಾಡಿಸಿದರೆ ಕೆಲಸ ಮುಗಿದಂತೆ. ತಲೆಯೂ ಆಡಲು ಹೊರಟಿತ್ತು. ಆದರೆ ರೋಗಿಯನ್ನು ನೋಡದೆ ಚಾರ್ಟಿಗೆ ಸಹಿ ಹಾಕಿ ಅಭ್ಯಾಸವಿದ್ದವರಲ್ಲ ಅವರು.

"ಡಾಕ್ಟ್ರೇ, ನನಗೆ ಒಂದು ಗಂಟೆ ಕೊಡಿ. ನಮ್ಮ ಜನ ಕೂತು ಕಾಯುತ್ತಾರಲ್ಲ, ಹಾಗೇ ಕೂತು ನೋಡುತ್ತೇನೆ."

ಮಲ್ಯರು ವಾಚು ನೋಡಿಕೊಂಡರು. ಬಲ್ಲಾಳರು ನಕ್ಕು, ಮಲ್ಯರನ್ನೂ ಶಮಿತಾಳನ್ನೂ ಕಾಫಿಗೆ ಕರೆದುಕೊಂಡು ಹೋದರು.

ಜೆಸಿಂತಾ ಬೆಂಚಿನ ಮೇಲೆ ಕೂತರು. ಮೊದಲ ಹತ್ತು ನಿಮಿಷ ಕಂಡದ್ದು ಬರೀ ಗೆರೆ. ಎದ್ದು ಹೋಗೋಣ ಎನ್ನಿಸಿತು. ಏಳಲಿಲ್ಲ. ಆಮೇಲೆ ಗೆರೆಗಳು ಏರಿ ಇಳಿಯುವುದು ಕಂಡಿತು. ಒಂದು ಕಡೆ ಒತ್ತೊತ್ತಾಗಿ ಮೇಲೇರಿ, ಇನ್ನೊಂದು ಕಡೆ ಪೂರಾ ಮಲಗಿಬಿಟ್ಟಿದ್ದವು. ಬಲಗಡೆ ಕೆಳಗೆ ಒಂದು ದಾರ ತುಂಡಾಗಿತ್ತು. ಅಲ್ಲೊಂದು ಸಣ್ಣ ಗಂಟು. ಗಂಟಿನಿಂದಾಚೆ ದಾರ ಮತ್ತೆ ಮುಂದೆ ಹೋಗಿತ್ತು. ಜೆಸಿಂತಾರ ಕಣ್ಣು ತುಂಬಿತು. ಎಷ್ಟು ಹೊತ್ತು ಹಾಗೆ ಕೂತಿದ್ದರೋ, ಎದ್ದು ಪಕ್ಕದ ಕೋಣೆಗೆ ಹೋದರು. ಅಲ್ಲಿ ಬೇರೊಬ್ಬರು ಬರೆದ ಸಮುದ್ರದ ಚಿತ್ರ. ನೂರಾರು ದೋಣಿಗಳು. ಒಂದರಲ್ಲಿ ನಾಯಿ ಮಲಗಿದೆ, ಒಂದರಲ್ಲಿ ಅಂಗಿ ಒಣಗುತ್ತಿದೆ, ಒಂದರಲ್ಲಿ ಇಬ್ಬರು ಜಗಳವಾಡುತ್ತಿದ್ದಾರೆ. ನೋಡುತ್ತ ನೋಡುತ್ತ ಇಪ್ಪತ್ತು ನಿಮಿಷ ಕಳೆದದ್ದು ಗೊತ್ತಾಗಲಿಲ್ಲ.

ಜೆಸಿಂತಾ ಬಟ್ಟೆಯ ಮುಂದೆ ಮರಳುವ ಹೊತ್ತಿಗೆ ಬಲ್ಲಾಳರು ಉಳಿದಿಬ್ಬರೊಡನೆ ವಾಪಸು ಬಂದರು. "ಹೇಗೆ ಸಿಸ್ಟರ್?"

ಶಮಿತಾ ಅವರ ಮುಖವನ್ನೇ ನೋಡುತ್ತಿದ್ದಳು. ಈಗ ತಾನು ಹೇಳುವ ಮಾತಿಗೆ ಆ ಹುಡುಗಿಯ ಮುಖ ಬಾಡುತ್ತದೆಂದು ಜೆಸಿಂತಾರಿಗೆ ಗೊತ್ತಿತ್ತು. ಆದರೂ ಹೇಳಿದರು.

"ಈ ಬಟ್ಟೆ ನೋಡಿ ನನಗೆ ಅಳು ಬಂತು ಡಾಕ್ಟ್ರೇ. ಇಷ್ಟು ಒಳ್ಳೆಯದನ್ನು ನಾನು ನೋಡಿಲ್ಲ. ಆದರೆ ಕಾಯುವ ಹಾಲಿಗೆ ಇದು ಬೇಡ. ಒಳಗೆ ಗಂಡನ ಎದೆ ಕೊಯ್ಯುತ್ತಿರುವಾಗ ಹೊರಗೆ ಕೂತ ಹೆಂಗಸಿಗೆ ಈ ಗೆರೆಗಳು ಎದೆಬಡಿತ ತೋರಿಸುವ ಮಾನಿಟರಿನ ಗೆರೆಯ ಹಾಗೆ ಕಾಣುತ್ತವೆ. ಮಲಗಿದ ಗೆರೆ ನೋಡಿ ಅವಳ ಜೀವ ಹೋಗುತ್ತದೆ. ಅವಳಿಗೆ ಪಕ್ಕದ ಕೋಣೆಯ ಚಿತ್ರದಲ್ಲಿರುವ ಆ ದೋಣಿಗಳು ಬೇಕು. ಹೊತ್ತು ಹೋಗಲಿ ಅವಳಿಗೆ."

"ಹಾಗಾದರೆ ಇದು?"

"ನಾವು ಥಿಯೇಟರಿಗೆ ಹೋಗುವ ದಾರಿಯಲ್ಲಿ, ಗಾಜಿನೊಳಗೆ ಹಾಕೋಣ. ತುಂಡಾದ ದಾರವನ್ನು ಗಂಟು ಹಾಕಿ ಮುಂದೆ ಹೋಗಿದ್ದಾಳೆ ಈ ಹುಡುಗಿ. ಒಬ್ಬರ ಜೀವ ಉಳಿಸಲಾಗದಿದ್ದರೂ ಮರುದಿನ ಮತ್ತೆ ಒಳಗೆ ಹೋಗಬೇಕಾದವರು ನಾವು, ಅದನ್ನು ನೋಡಬೇಕಾದವರೂ ನಾವೇ."

ಶಮಿತಾ ಬಟ್ಟೆಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಮೂರು ವಾರದಿಂದ ಎಲ್ಲರೂ ಚೆನ್ನಾಗಿದೆ ಅಂತ ಹೇಳಿ ಹೋದರು ಸಿಸ್ಟರ್. ಆ ಗಂಟನ್ನು ಕಂಡವರು ನೀವೊಬ್ಬರೇ. ಆದರೆ ನಾನು ಹೊಲಿದದ್ದು ಬಸ್ಸಿನ ಕಿಟಕಿಯಿಂದ ಕಾಣುವ ಘಟ್ಟದ ಸಾಲು."

"ಹೌದಾ? ಹಾಗಾದರೆ ನನಗೆ ಕಂಡದ್ದು ತಪ್ಪಾ?"

"ತಪ್ಪಲ್ಲ. ನನಗೆ ಅದು ಕಂಡಿರಲಿಲ್ಲ, ಅಷ್ಟೇ."

ಜೆಸಿಂತಾ ಮತ್ತೆ ಬಟ್ಟೆಯತ್ತ ತಿರುಗಿದರು. ಈಗ ಅವರಿಗೆ ಘಟ್ಟವೂ ಕಂಡಿತು.

ಅವರು ಹೇಳಿದಂತೆಯೇ ಆಯಿತು. ದೋಣಿಗಳು ಹಾಲಿಗೆ ಬಂದವು. ಬಟ್ಟೆ ಥಿಯೇಟರಿನ ದಾರಿಗೆ ಬಂತು. ಕೆಲವು ತಿಂಗಳ ಮೇಲೆ ಹೊಸದಾಗಿ ಸೇರಿದ ಸರ್ಜನ್ ಒಬ್ಬರು ಅದರ ಮುಂದೆ ನಿಂತು ಕೇಳಿದರು: "ಸಿಸ್ಟರ್, ಇದರ ಅರ್ಥ ಏನು?"

"ಐದು ನಿಮಿಷ ನಿಂತು ನೋಡಿ ಡಾಕ್ಟ್ರೇ," ಎಂದರು ಜೆಸಿಂತಾ. "ನಿಮಗೆ ಏನು ಕಂಡಿತೋ ಮೊದಲು ನೀವು ಹೇಳಿ. ನನಗೆ ಕಂಡದ್ದನ್ನು ಆಮೇಲೆ ಹೇಳುತ್ತೇನೆ."

ನೀತಿ: ಕಲೆ ತಿಳಿಯುವುದಿಲ್ಲವೆಂದು ಹಿಂಜರಿಯಬೇಡಿ, ಚೀಟಿ ಓದಿ ತಿಳಿಯಿತೆಂದು ಬೀಗಲೂ ಬೇಡಿ. ತಾಳ್ಮೆಯಿಂದ ನಿಮ್ಮ ಕಣ್ಣಲ್ಲೇ ನೋಡಿ, ಕಂಡದ್ದನ್ನು ಧೈರ್ಯವಾಗಿ ಹೇಳಿ. ಇನ್ನೊಬ್ಬರಿಗೆ ಬೇರೆಯೇ ಕಂಡಿದ್ದರೆ, ಮತ್ತೊಮ್ಮೆ ತಿರುಗಿ ನೋಡಿ.