ಮುಂದೆ ನಡೆದ ತಾಯಿ

ಪೂಜ್ಯ ಮಾತೋಶ್ರೀ ರಾಚಮ್ಮ ತಾಯಿಯವರು ಆಗ ಸೋಗಿಹಾಳದ ದಾರಿಬದಿಯಲ್ಲಿ ಅರವಟ್ಟಿಗೆ ಇಟ್ಟುಕೊಂಡಿದ್ದರು. ಅವರ ಮಠವೆಂದರೆ ಒಂದು ತಟ್ಟಿಯ ಚಪ್ಪರ, ನಾಲ್ಕು ಮಣ್ಣಿನ ಹರವಿ, ಅಷ್ಟೇ. ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ, ಬಿಳಿ ಸೀರೆಯ ತಾಯಿ. ಬಾಯಾರಿದವರು ಅವರ ಕೈನೀರು ಕುಡಿಯುತ್ತಿದ್ದರು. ಶುಭಕಾರ್ಯಕ್ಕೆ ಹೊರಟವರು ಮಾತ್ರ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು. ನಮ್ಮ ಜನದ ಬುದ್ಧಿ ನೋಡಿ. ತಾಯಿಯವರು ಅದನ್ನೂ ನಗುತ್ತಲೇ ನುಂಗಿಕೊಂಡಿದ್ದರು.

ಒಂದು ಮುಂಜಾನೆ ಕಂಬಳಿ ನೇಯುವ ದ್ಯಾಮಣ್ಣ ಆ ದಾರಿಯಲ್ಲಿ ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿದ. ಮೂರನೆಯ ಸಲ ಚಪ್ಪರದ ಎದುರೇ ಗಕ್ಕನೆ ನಿಂತು ಹೊರಳಿದಾಗ ತಾಯಿಯವರು ಕರೆದರು.

"ಯಾಕಪ್ಪಾ, ಮತ್ತ ಹೊಳ್ಳಿ ಹೊಂಟಿ?"

"ಹೆಂಡತಿ ನಸುಕಿನಿಂದ ಬ್ಯಾನಿ ತಿನ್ನಾಕತ್ತಾಳ್ರಿ, ಯವ್ವಾ. ಮುಂದಿನ ಊರಿಂದ ಸೂಲಗಿತ್ತಿನ ಕರಕೊಂಡು ಬರಬೇಕು. ಬೆಕ್ಕು ಅಡ್ಡ ಹೋತು, ಮನಿಗೆ ಹೋಗಿ ನೀರು ಕುಡುದು, ಕುಂತು ಬಂದೆ. ಆಮ್ಯಾಲೆ ಯಾರೋ ಒಂಟಿ ಸೀನಿದ್ರು. ಈಗ ನೋಡ್ರಿ, ಖಾಲಿ ಕೊಡ ಎದುರು ಬಂತು. ಹಿಂದಿನ ಎರಡು ಕೂಸು ಉಳೀಲಿಲ್ರಿ. ಸೂಲಗಿತ್ತಿ ಬರೂದು ತಡಾ ಆಗಿತ್ತು."

ಯಾಕೆ ತಡವಾಗಿತ್ತೆಂದು ತಾಯಿಯವರು ಕೇಳಲಿಲ್ಲ. ತಾನಾಡಿದ ಮಾತು ದ್ಯಾಮಣ್ಣನ ಕಿವಿಗೇ ತಟ್ಟಿತು. ಹಿಂದಿನ ಎರಡು ಹೆರಿಗೆಯಲ್ಲೂ ಅವನು ಹೀಗೆಯೇ ಶಕುನ ನೋಡಿ ತಿರುಗಿದ್ದ.

"ಆ ಕೊಡ ನೀರು ತುಂಬಾಕ ಹೊಂಟಿತ್ತಪ್ಪಾ," ಎಂದರು ತಾಯಿಯವರು. "ಖಾಲಿ ಇದ್ದದ್ದು ಕಂಡಿ, ತುಂಬಾಕ ಹೊಂಟದ್ದು ಕಾಣಲಿಲ್ಲ."

ಹರವಿಗಳಿಗೆ ಮುಚ್ಚಳ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ದಾರಿಗಿಳಿದರು. "ನಾ ಮುಂದ ನಡೀತೀನಿ. ಕೆಟ್ಟದ್ದೇನರ ಬಂದ್ರ ಮೊದಲ ನನಗ ಎದುರಾಗಲಿ. ನೀ ನನ್ನ ಬೆನ್ನು ನೋಡಿಕೋಂತ ಬಾ."

ಬೆಕ್ಕಿಗಿಂತ, ಸೀನಿಗಿಂತ ದೊಡ್ಡ ಅಪಶಕುನವೇ ಮುಂದೆ ಹೊರಟಂತಾಯಿತು ಅವನಿಗೆ. ಆದರೆ ಮನೆಯಲ್ಲಿ ಹೆಂಡತಿ ನರಳುತ್ತಿದ್ದಳು. ಇನ್ನೊಮ್ಮೆ ತಿರುಗಿದರೆ ಏನಾಗುತ್ತದೆಂದು ಈಗ ಗೊತ್ತಿತ್ತು. ಅವರ ಹಿಂದೆಯೇ ಹೆಜ್ಜೆ ಹಾಕಿದ. ಅರ್ಧ ಹರದಾರಿಯ ಹಾದಿ. ಏನೇನು ಎದುರಾಯಿತೋ, ಆ ಬಿಳಿ ಸೆರಗಿನ ಹೊರತು ಅವನಿಗೆ ಬೇರೇನೂ ಕಾಣಲಿಲ್ಲ.

ಸೂಲಗಿತ್ತಿ ಹುಸೇನವ್ವ ದ್ಯಾಮಣ್ಣನ ಮನೆ ಮುಟ್ಟಿದಾಗ ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿದಳು. "ಇನ್ನೊಂದು ಗಳಿಗಿ ತಡಾ ಆಗಿದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ" ಎಂದಳು. ಹೆಣ್ಣು ಕೂಸು ಅತ್ತಿತು. ಹೊಸ್ತಿಲಾಚೆ ನಿಂತಿದ್ದ ದ್ಯಾಮಣ್ಣನೂ ಅತ್ತ.

ತೊಟ್ಟಿಲ ಶಾಸ್ತ್ರದ ದಿನ ತಾಯಿಯವರು ಅಂಗಳದಲ್ಲೇ ನಿಂತಿದ್ದರು. ದ್ಯಾಮಣ್ಣ ಅವರನ್ನು ಒಳಗೆ ಕರೆತಂದು ತೊಟ್ಟಿಲ ಹಗ್ಗ ಕೈಗಿತ್ತ. ಹಿರಿಯ ಮುತ್ತೈದೆಯೊಬ್ಬಳು ಗೊಣಗಿದಳು.

"ಆವತ್ತ ನನ್ನ ಮುಂದ ನಡದವರು ಅವ್ವಾರು," ಎಂದ ಅವನು. "ತೊಟ್ಟಿಲಾನೂ ಮೊದಲ ಅವ್ವಾರ ತೂಗ್ತಾರ."

ತಾಯಿಯವರು ಹಗ್ಗ ಎಳೆದರು. ಅಷ್ಟರಲ್ಲಿ ಹಿಂದೆ ಯಾರೋ ಒಂಟಿ ಸೀನಿದರು. ಮನೆಯೆಲ್ಲ ದ್ಯಾಮಣ್ಣನ ಮುಖ ನೋಡಿತು.

"ಯಾರಿಗೋ ನೆಗಡಿ ಆಗೇತಿ, ಒಂದೀಟು ಕಷಾಯ ಕೊಡ್ರಿ" ಎಂದು ಹೇಳಿ, ಅವನು ಕೂಸಿನ ಮೇಲಿನ ಕಂಬಳಿ ಸರಿಮಾಡಿದ.