ಟರ್ಬೊ ಬಾಗಿಲಿನ ಡಬ್ಬಿ

ಘಟ್ಟ ಹತ್ತುತ್ತಿದ್ದ ಲಾರಿಯೊಂದರ ಟರ್ಬೊ ಸಿಡಿಮಿಡಿಗೊಂಡಿತ್ತು. ಎಂಜಿನ್ನಿಗೆ ಗಾಳಿ ತುಂಬುವುದು ಅದರ ಕೆಲಸ. ಆದರೆ ಎಂಜಿನ್ನಿನ ಹೊಟ್ಟೆಯಿಂದ ಒಂದು ಪೈಪಿನಲ್ಲಿ ಬರುವ ಗಾಳಿಯ ಜೊತೆ ಆಯಿಲಿನ ಆವಿಯೂ ಸೇರಿಕೊಂಡು ಬಂದು, ಗಾಳಿ ಹೋಗುವ ದಾರಿಯುದ್ದಕ್ಕೂ ಜಿಡ್ಡು ಬಳಿದು, ಲಾರಿಗೆ ಏದುಸಿರು ಬರಿಸಿತ್ತು.

"ಆ ಪೈಪು ಮುಚ್ಚಿಬಿಡಿ!" ಎಂದು ಟರ್ಬೊ ಕೂಗಿತು.

"ಮುಚ್ಚಿದರೆ ಎಂಜಿನ್ನಿನ ಹೊಟ್ಟೆ ಉಬ್ಬಿ, ಆಯಿಲು ಸೋರದಂತೆ ತಡೆಯುವ ಸೀಲುಗಳು ಕಿತ್ತುಹೋಗುತ್ತವೆ," ಎಂದಿತು ಪೈಪಿನ ನಡುವೆ ಹೊಸದಾಗಿ ಕೂರಿಸಿದ್ದ ಡಬ್ಬಿ. "ಬರುವವರು ಬರಲಿ, ನಾನು ಮಾತಾಡಿಸುತ್ತೇನೆ."

ಅಷ್ಟರಲ್ಲಿ ಆವಿ ಬಂದಿತು. "ದಾರಿ ಬಿಡಿ, ನಾನು ಗಾಳಿ."

"ನೋಡಿದರೇ ಗೊತ್ತಾಗುತ್ತದೆ ಸ್ವಾಮಿ. ಆದರೂ ಬಾಗಿಲಿಗೆ ಬಂದವರು ನಿಂತೇ ಹೋಗಬಾರದು. ಒಳಗೆ ಜಾಲರಿ ಹಾಸಿದ್ದೇನೆ, ತಣ್ಣಗಿದೆ. ಒಂದು ನಿಮಿಷ ಕೂತು ಹೋಗಿ."

ಇಷ್ಟು ಮರ್ಯಾದೆ ಆವಿಗೆ ಎಲ್ಲೂ ಸಿಕ್ಕಿರಲಿಲ್ಲ. ಅದು ಬೀಗುತ್ತಾ ಕೂತಿತು. ಜೊತೆಗಿದ್ದ ಗಾಳಿ ಮಾತ್ರ, "ನನಗೆ ಪುರುಸೊತ್ತಿಲ್ಲ" ಎಂದು ಜಾಲರಿಯ ಸಂದಿಯಲ್ಲಿ ನುಸುಳಿ ಟರ್ಬೊ ಕಡೆಗೆ ಹೊರಟುಹೋಯಿತು. ಕೂತ ಆವಿಗೆ ಹಾಯೆನಿಸಿತು. ಮೈ ತಣ್ಣಗಾಯಿತು, ಆಮೇಲೆ ಭಾರವಾಯಿತು, ಕೊನೆಗೆ ಆಯಿಲಿನ ಹನಿಯಾಗಿ ಡಬ್ಬಿಯ ತಳಕ್ಕೆ ಟಪ್ಪೆಂದು ಬಿತ್ತು.

"ಅಯ್ಯೋ, ಮೇಲೆತ್ತಿ! ನಾನು ಗಾಳಿ!"

"ಗಾಳಿ ಆಗಲೇ ಹೋಯಿತಲ್ಲ ಸ್ವಾಮಿ," ಎಂದಿತು ಡಬ್ಬಿ. "ತಾವು ಯಾರು?"

ತಳದಲ್ಲಿ ಮೊದಲೇ ಸೇರಿದ್ದ ಆಯಿಲು ಸ್ವಲ್ಪ ಸರಿದು ಜಾಗ ಕೊಟ್ಟಿತು.

"ಬಾರಪ್ಪ, ಕೂತ್ಕೋ. ನಾವೂ ಗಾಳಿ ಅಂತಲೇ ಬಂದವರು."