ಅರ್ಧ ಮೀಸೆಗೆ ಹತ್ತು ಅಂಕ

ರತ್ನಾವತಿ ಪಟ್ಟಣದಲ್ಲಿ ಪರವೂರಿನವರು ಕಾಯಂ ಆಗಿ ನೆಲೆಸಬೇಕಾದರೆ ಅಂಕ ಗಳಿಸಬೇಕಿತ್ತು. ವಯಸ್ಸಿಗಿಷ್ಟು, ಭಾಷೆಗಿಷ್ಟು, ಕಸುಬಿಗಿಷ್ಟು. ಊರಿನವರು ಯಾರಾದರೂ ಕೆಲಸಕ್ಕೆ ಕರೆದರೆ ಮೇಲೆ ಹತ್ತು.

ಒಬ್ಬ ಕ್ಷೌರಿಕನಿಗೆ ಸರಿಯಾಗಿ ಆ ಹತ್ತೇ ಕಡಿಮೆ ಬಿತ್ತು.

"ನಿನ್ನನ್ನು ಇಲ್ಲಿ ಯಾರಯ್ಯಾ ಕರೆಯುತ್ತಾರೆ?" ಎಂದು ಅಂಕ ಎಣಿಸುವ ಪುರಾಧಿಕಾರಿಗಳು ನಕ್ಕರು. "ಮಧ್ಯಾಹ್ನದ ನಗಾರಿ ಹೊಡೆದ ಕೂಡಲೇ ಊರು ಬಿಡು. ಅಷ್ಟರಲ್ಲಿ ನನ್ನ ಗಡ್ಡ ಹೆರೆದು ಮೀಸೆ ತಿದ್ದು. ಇವತ್ತು ರಾಜಸಭೆಯಿದೆ."

ಕ್ಷೌರಿಕ ಒಂದು ಕಣ್ಣು ಗಡ್ಡದ ಮೇಲೆ, ಇನ್ನೊಂದು ಅಂಗಳದ ಬಿಸಿಲಿನ ಮೇಲೆ ಇಟ್ಟು ಕೆಲಸಕ್ಕೆ ಕೂತ. ಗಡ್ಡ ನುಣ್ಣಗಾಯಿತು. ಬಲಮೀಸೆ ಚೇಳಿನ ಕೊಂಡಿಯ ಹಾಗೆ ಎದ್ದು ನಿಂತಿತು. ಅಷ್ಟರಲ್ಲಿ ನಗಾರಿ ಮೊಳಗಿತು. ಅವನು ಕತ್ತಿ, ಕತ್ತರಿ ಹಡಪಕ್ಕೆ ತುಂಬಿಕೊಂಡು ಬೀದಿಗಿಳಿದ.

"ಎಲ್ಲಿಗೋ?"

"ನಗಾರಿ ಆಯಿತಲ್ಲ, ಸ್ವಾಮಿ. ಊರು ಬಿಡುತ್ತಿದ್ದೇನೆ."

ಅಧಿಕಾರಿಗಳು ಕನ್ನಡಿ ನೋಡಿಕೊಂಡರು. ಎಡಮೀಸೆ ಹಳೇ ಪೊರಕೆಯಂತೆ ಜೋತುಬಿದ್ದಿತ್ತು. ಹೆಗಲ ಮೇಲಿನ ಬಟ್ಟೆಯಲ್ಲೇ ಬೀದಿಗೆ ಓಡಿಬಂದರು.

"ಬಾರಯ್ಯಾ! ಇದನ್ನು ಮುಗಿಸು! ನಾಳೆಯೂ ಬಾ, ದಿನಾ ನೀನೇ ಬಾ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು.

ಕ್ಷೌರಿಕ ಎದೆಯುಬ್ಬಿಸಿ ತಿರುಗಿದ. "ಕೆಲಸಕ್ಕೆ ಕರೆದಿರಲ್ಲ, ಆ ಹತ್ತು ಅಂಕ ಕೊಟ್ಟುಬಿಡಿ, ಸ್ವಾಮಿ. ಇದು ನನ್ನ ಊರೂ ಆಗಲಿ. ನಮ್ಮೂರವರ ಮೀಸೆಯನ್ನು ನಾನು ಯಾವತ್ತೂ ಅರ್ಧಕ್ಕೆ ಬಿಟ್ಟವನಲ್ಲ."